ಕಾವಿನ ಕೋಳಿಯೂ ಹೊರಗಿನ ಮರಿಗಳೂ

ಕಪಿಲಾ ನದಿಯು ನಂಜನಗೂಡನ್ನು ಬಳಸಿ ಹರಿದು, ತಿರುಮಕೂಡಲು ನರಸೀಪುರದ ಬಳಿ ಕಾವೇರಿಯನ್ನು ಸೇರುತ್ತದೆ. ಈ ಎರಡು ಊರುಗಳ ಆಸುಪಾಸಿನ ಯಾವ ಹಳ್ಳಿಗೆ ಹೋದರೂ, ಹಿತ್ತಲ ಮೂಲೆಯಲ್ಲೋ ಮಂಕರಿಯ ಮರೆಯಲ್ಲೋ ಗರಿ ಕೆದರಿಕೊಂಡು ಅಲುಗಾಡದೆ ಕುಳಿತಿರುವ ನಾಟಿ ಕೋಳಿಯನ್ನು ನಾವು ಕಾಣಬಹುದು. ಹತ್ತಿರ ಹೋಗಿ ಕೈ ಚಾಚಿದರೆ ಅದು ಮೈಯುಬ್ಬಿಸಿ ಗುರುಗುಟ್ಟುತ್ತದೆಯೇ ಹೊರತು ಎದ್ದು ಓಡುವುದಿಲ್ಲ. ‘ಹ್ಯಾಟೆ ಕಾವಿಗೆ ಕೂತಿದೆ’ ಎಂದು ಮನೆಯವರು ಹೇಳುತ್ತಾರೆ.

ಇಂತಹ ಮನೆಗೆ ಒಂದು ದಿನ ರಟ್ಟಿನ ಪೆಟ್ಟಿಗೆಯಲ್ಲಿ ಹತ್ತು ಮರಿಗಳು ಬಂದುವೆಂದು ಭಾವಿಸೋಣ. ಅವು ಯಂತ್ರದ ಶಾಖದಲ್ಲಿ ಮೊಟ್ಟೆಯೊಡೆದು ಬಂದವು, ತಾಯಿಯೆಂಬುದನ್ನೇ ಕಂಡವಲ್ಲ. ಅತ್ತ ಮರಿಗಳಿಗಾಗಿ ಕಾದು ಕುಳಿತ ತಾಯಿ. ಇತ್ತ ತಾಯಿಯಿಲ್ಲದ ಮರಿಗಳು. ಇಬ್ಬರನ್ನೂ ಒಂದುಗೂಡಿಸಿದರೆ ಮುಗಿಯಿತಲ್ಲವೆ? ಅಷ್ಟು ಸುಲಭವಲ್ಲ. ಹಾಡುಹಗಲಿನಲ್ಲಿ ಮರಿಯನ್ನು ತಂದು ಕೋಳಿಯ ಮುಂದೆ ಬಿಟ್ಟರೆ ಅದು ಕುಕ್ಕಿ ಕೊಂದೇ ಹಾಕಬಹುದು. ತಾಯಿಕೋಳಿ ತುಳಿದರೆ ಮರಿ ಸಾಯುವುದಿಲ್ಲವೆಂದು ಹಿರಿಯರು ಹೇಳುವುದುಂಟು. ಆದರೆ ತಾಯಿಯಾಗದ ಕೋಳಿಯ ಕೊಕ್ಕಿನಿಂದ ಮರಿ ಸಾಯುತ್ತದೆ. ಅದೇ ಮರಿಯನ್ನು ಕತ್ತಲೆಯಲ್ಲಿ ಸದ್ದಿಲ್ಲದೆ ಅದೇ ಕೋಳಿಯ ಹೊಟ್ಟೆಯಡಿಗೆ ಸರಿಸಿದರೆ, ಮರುದಿನ ಬೆಳಗ್ಗೆ ಆ ಮರಿಗೋಸ್ಕರ ಅದು ಹದ್ದಿನ ಮೇಲೆಯೇ ಎಗರಿ ಬೀಳಬಹುದು. ಒಂದೇ ರಾತ್ರಿಯಲ್ಲಿ ಪರಕೀಯ ಮರಿ ಸ್ವಂತದ್ದಾಗುವುದು ಹೇಗೆ?

ಕಾಗೆಯ ಗೂಡಿನಲ್ಲಿ ಬೆಳೆಯುವ ಕೋಗಿಲೆಯನ್ನು ನಮ್ಮ ಹಿಂದಿನವರು ‘ಪರಪುಟ್ಟ’ ಎಂದು ಕರೆದರು. ಅಲ್ಲಿ ಕೋಗಿಲೆಯು ಕಾಗೆಯನ್ನು ವಂಚಿಸುತ್ತದೆ. ಕೋಳಿಯ ವಿಷಯದಲ್ಲಿ ಆ ಕೆಲಸವನ್ನು ಮಾಡುವವರು ನಾವು. ಅದು ಫಲಿಸಬೇಕಾದರೆ ಕೋಳಿಯ ಸ್ವಭಾವವನ್ನೂ ಮರಿಯ ಸ್ವಭಾವವನ್ನೂ ನಾವು ಚೆನ್ನಾಗಿ ತಿಳಿದಿರಬೇಕು.

ತಾಯಿಯಿಲ್ಲದ ಮರಿಗಳು

ಮೊದಲು, ಈ ಮರಿಗಳು ಎಲ್ಲಿಂದ ಬರುತ್ತವೆ ಎಂಬುದನ್ನು ನೋಡೋಣ. ನಾಟಿ ಕೋಳಿಯು ವರ್ಷಕ್ಕೆ ಸುಮಾರು 60 ಮೊಟ್ಟೆಗಳನ್ನಿಡುತ್ತದೆ. ಹತ್ತು ಹದಿನೈದು ಮೊಟ್ಟೆಗಳನ್ನಿಟ್ಟೊಡನೆ ಕಾವಿಗೆ ಕೂರುತ್ತದೆ. ಮರಿ ಮಾಡಿ, ಅವನ್ನು ಸಾಕಿ, ಅವು ತಮ್ಮ ಪಾಡಿಗೆ ತಾವು ಬದುಕುವಂತಾದ ಮೇಲೆಯೇ ಮತ್ತೆ ಮೊಟ್ಟೆಯಿಡತೊಡಗುತ್ತದೆ. ಹಳ್ಳಿಯ ಹಿತ್ತಲಿನಲ್ಲಿಯೇ ಮೇದು, ಇದಕ್ಕಿಂತ ಹೆಚ್ಚು ಮೊಟ್ಟೆಯನ್ನೂ ಮಾಂಸವನ್ನೂ ಕೊಡಬಲ್ಲ ಕೋಳಿಯೊಂದು ಬೇಕೆಂದು ಬೆಂಗಳೂರಿನ ಹೆಬ್ಬಾಳದಲ್ಲಿ ವಿಜ್ಞಾನಿಗಳು ಹಲವು ವರ್ಷ ದುಡಿದು ‘ಗಿರಿರಾಜ’ ತಳಿಯನ್ನು ರೂಪಿಸಿದರು. ಆಮೇಲೆ ‘ಸ್ವರ್ಣಧಾರಾ’ ಬಂದಿತು. ಗಿರಿರಾಜ ಕೋಳಿಯು ವರ್ಷಕ್ಕೆ 130ಕ್ಕೂ ಹೆಚ್ಚು ಮೊಟ್ಟೆಗಳನ್ನಿಡಬಲ್ಲದು. ಮೈಬಣ್ಣದಲ್ಲಿಯೂ ನಾಟಿ ಕೋಳಿಯನ್ನೇ ಹೋಲುತ್ತದೆ. ಆದರೆ ಒಂದು ಕೊರತೆಯುಂಟು. ಅದು ಕಾವಿಗೆ ಕೂರುವುದಿಲ್ಲ. ಅದರ ಮೊಟ್ಟೆಗಳನ್ನು ಯಂತ್ರದಲ್ಲಿ ಮರಿ ಮಾಡಿಸಬೇಕು. ಇಲ್ಲವೇ ನಾಟಿ ಕೋಳಿಯೊಂದರ ಕೆಳಗೆ ಇಡಬೇಕು.

ಯಂತ್ರದ ಮರಿಗಳು ಹಳ್ಳಿಯನ್ನು ಸೇರಿದ ಮೇಲೆ ಅವುಗಳಿಗೆ ಎಲ್ಲಕ್ಕಿಂತ ಮೊದಲು ಬೇಕಾಗುವುದು ಶಾಖ. ನೂಲಿನಂತಹ ತುಪ್ಪಟವನ್ನು ಮಾತ್ರ ಹೊದ್ದಿರುವ ಮರಿಗೆ ತನ್ನ ಮೈಶಾಖವನ್ನು ತಾನೇ ಕಾಯ್ದುಕೊಳ್ಳುವ ಶಕ್ತಿಯಿಲ್ಲ. ಮೊದಲ ವಾರ ಅದರ ಸುತ್ತ ಸುಮಾರು 35 ಡಿಗ್ರಿ ಸೆಂಟಿಗ್ರೇಡಿನಷ್ಟು ಶಾಖವಿರಬೇಕು. ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಬರಬೇಕು. ಸಾಕಣೆ ಕೇಂದ್ರಗಳಲ್ಲಿ ಇದಕ್ಕಾಗಿ ವಿದ್ಯುದ್ದೀಪಗಳನ್ನು ಇಳಿಬಿಡುತ್ತಾರೆ. ಮಾಗಿಯ ನಡುರಾತ್ರಿಯಲ್ಲಿ ವಿದ್ಯುತ್ತು ನಿಂತಿತೆಂದರೆ ಮರಿಗಳು ಬೆಚ್ಚಗಿನ ಮೂಲೆಯನ್ನು ಹುಡುಕಿ ಒಂದರ ಮೇಲೊಂದು ಒತ್ತರಿಸಿಕೊಳ್ಳುತ್ತವೆ. ಬೆಳಗಾಗುವಷ್ಟರಲ್ಲಿ ಅಡಿಯಲ್ಲಿದ್ದವು ಉಸಿರುಗಟ್ಟಿ ಸತ್ತಿರುತ್ತವೆ. ಹತ್ತೇ ಮರಿಗಳಿಗಾಗಿ ಹಣ ತೆತ್ತ ಮನೆಗೆ ನಾಲ್ಕು ಸತ್ತರೆ ಅದು ದೊಡ್ಡ ನಷ್ಟವೇ. ಕಾವಿನ ಕೋಳಿಗಾದರೋ ವಿದ್ಯುತ್ತು ಬೇಡ. ಅದರ ಮೈಶಾಖ ಸುಮಾರು 41 ಡಿಗ್ರಿ. ಮರಿ ಚಳಿಯಾದಾಗ ಅದರ ರೆಕ್ಕೆಯಡಿಗೆ ನುಗ್ಗುತ್ತದೆ, ಸೆಕೆಯಾದಾಗ ಹೊರಗೆ ಬರುತ್ತದೆ. ಮೇಲಾಗಿ ಯಾವುದು ಕಾಳು, ಯಾವುದು ಕಲ್ಲು ಎಂಬುದನ್ನು ಕಲಿಸಲು, ಹದ್ದು ಸುಳಿದಾಗ ಕೂಗಿ ಎಚ್ಚರಿಸಲು ಯಾವ ದೀಪಕ್ಕೂ ಬಾರದು.

ಕಾವಿಗೆ ಕೂರುವುದೆಂದರೇನು?

ಕಾವಿಗೆ ಕೂರುವುದು ಕೋಳಿಯ ಇಷ್ಟಾನಿಷ್ಟದ ಮಾತಲ್ಲ, ಅದೊಂದು ದೇಹಸ್ಥಿತಿ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ‘ಪ್ರೊಲ್ಯಾಕ್ಟಿನ್’ ಎಂಬ ಹಾರ್ಮೋನನ್ನು ರಕ್ತಕ್ಕೆ ಸುರಿಸುತ್ತದೆ. ಆಸ್ಕರ್ ರಿಡಲ್ ಎಂಬ ಅಮೆರಿಕದ ವಿಜ್ಞಾನಿಯೂ ಅವರ ಸಂಗಡಿಗರೂ 1930ರ ದಶಕದ ಮೊದಲಲ್ಲಿ ಈ ಹಾರ್ಮೋನನ್ನು ಬೇರ್ಪಡಿಸಿ ಅದಕ್ಕೆ ಹೆಸರಿಟ್ಟರು. ಮೊಟ್ಟೆಯಿಡುತ್ತಿದ್ದ ಕೋಳಿಗಳಿಗೆ ಅದನ್ನು ಚುಚ್ಚಿ ಅವು ಕಾವಿಗೆ ಕೂರುವುದನ್ನು 1935ರಲ್ಲಿ ತೋರಿಸಿದರು. ಹಸುವಿನ ಕೆಚ್ಚಲಿನಲ್ಲಿ ಹಾಲು ಉತ್ಪತ್ತಿಯಾಗುವುದಕ್ಕೂ ಈ ಹಾರ್ಮೋನೇ ಬೇಕು. ಕೋಳಿಗೆ ಹಾಲಿಲ್ಲ, ಆದರೂ ತಾಯ್ತನದ ಹಾರ್ಮೋನು ಎರಡಕ್ಕೂ ಒಂದೇ ಆಗಿದೆ!

ಪ್ರೊಲ್ಯಾಕ್ಟಿನ್ ಏರಿದಂತೆ ಅಂಡಾಶಯವು ಕುಗ್ಗಿ ಮೊಟ್ಟೆಯಿಡುವುದು ನಿಲ್ಲುತ್ತದೆ. ಎದೆಯ ಗರಿಗಳು ಉದುರಿ, ಅಲ್ಲಿಯ ಚರ್ಮ ಬರಿದಾಗಿ, ರಕ್ತ ತುಂಬಿ ಬಿಸಿಯಾಗುತ್ತದೆ. ಹಸಿವು ಇಳಿಯುತ್ತದೆ. ದಿನಕ್ಕೊಮ್ಮೆ ಎದ್ದು, ನಾಲ್ಕು ಕಾಳು ತಿಂದು, ನೀರು ಕುಡಿದು ಮತ್ತೆ ಗೂಡಿಗೆ ಮರಳುತ್ತದೆ. ಪಕ್ಕದಲ್ಲಿಯೇ ಆಹಾರವಿದ್ದರೂ ಕಾವಿನ ಕೋಳಿ ಮೈತೂಕವನ್ನು ಕಳೆದುಕೊಳ್ಳುತ್ತದೆಯೆಂದು ಕಾಡುಕೋಳಿಗಳ ಮೇಲೆ ನಡೆದ ಪ್ರಯೋಗಗಳು ತೋರಿಸಿವೆ.

ಈ ಸ್ಥಿತಿಯನ್ನು ಉಳಿಸಿಕೊಂಡು ಬರುವುದು ಯಾವುದು? ಮೊಟ್ಟೆಯ ಸ್ಪರ್ಶ. ಬರಿಯ ಚರ್ಮಕ್ಕೆ ಮೊಟ್ಟೆ ತಾಗುತ್ತಿರುವವರೆಗೆ ಪ್ರೊಲ್ಯಾಕ್ಟಿನ್ ಹರಿಯುತ್ತಿರುತ್ತದೆ. ಮೊಟ್ಟೆಯೊಡೆದು ಮರಿಯಾಗಲು 21 ದಿನ ಬೇಕೆಂಬುದು ನಮಗೆ ಗೊತ್ತು. ಕೋಳಿಗೆ ಅಂತಹ ಪಂಚಾಂಗವಿಲ್ಲ. ಗೊಡ್ಡುಮೊಟ್ಟೆಗಳ ಮೇಲೆ 21 ದಿನ ಮೀರಿಯೂ ಕುಳಿತೇ ಇರುವ ಕೋಳಿಗಳುಂಟು. ಎರಡು ವಾರ ಕುಳಿತ ಕೋಳಿಯಡಿಯಲ್ಲಿ ಮರಿ ಕಾಣಿಸಿಕೊಂಡರೂ ಅದು ಲೆಕ್ಕ ಕೇಳುವುದಿಲ್ಲ. ಹೊರಗಿನ ಮರಿಗಳನ್ನು ಸೇರಿಸಲು ಸಾಧ್ಯವಾಗುವುದು ಈ ಕಾರಣದಿಂದಲೇ.

ಕಿವಿಯಿಂದ ತಾಯಿ

ಹಾಗಾದರೆ ಮರಿ ಬಂದಿತೆಂಬುದು ಕೋಳಿಗೆ ತಿಳಿಯುವುದು ಹೇಗೆ? ಕಣ್ಣಿನಿಂದಲೇ ಎಂದು ನಮಗೆ ತೋರುತ್ತದೆ. ಆದರೆ 1933ರಲ್ಲಿ ಬ್ರೂಕ್ನರ್ ಎಂಬ ಜರ್ಮನ್ ವಿಜ್ಞಾನಿ ಪ್ರಕಟಿಸಿದ ಪ್ರಯೋಗವೊಂದು ಬೇರೆಯದನ್ನೇ ಹೇಳುತ್ತದೆ. ಮರಿಯೊಂದನ್ನು ಕಾಲಿಗೆ ದಾರ ಕಟ್ಟಿ ತಡಿಕೆಯ ಮರೆಯಲ್ಲಿ ಇಟ್ಟಾಗ ಅದು ಚೀರಿಕೊಂಡಿತು. ಕಣ್ಣಿಗೆ ಕಾಣದಿದ್ದರೂ ತಾಯಿ ದನಿ ಹಿಡಿದು ಧಾವಿಸಿ ಬಂದಿತು. ಮರಿಯನ್ನು ಗಾಜಿನ ಗಂಟೆಯೊಳಗೆ ಇಟ್ಟಾಗ ಅದರ ಒದ್ದಾಟ ಕಣ್ಣೆದುರಿಗೇ ಇದ್ದರೂ ದನಿ ಹೊರಗೆ ಬಾರದ್ದರಿಂದ ತಾಯಿ ಅತ್ತ ಗಮನವನ್ನೇ ಕೊಡಲಿಲ್ಲ.

ಟರ್ಕಿ ಕೋಳಿಗಳ ಮೇಲಿನ ಇನ್ನೊಂದು ಪ್ರಯೋಗ ಇದಕ್ಕಿಂತ ಕಠೋರವಾದುದು. ಕಿವುಡಾಗಿಸಿದ ಹೇಂಟೆಗಳು ಕಾವಿಗೆ ಕುಳಿತು, ಮೊಟ್ಟೆಯೊಡೆದು ಬಂದ ಸ್ವಂತ ಮರಿಗಳನ್ನೇ ಕುಕ್ಕಿ ಕೊಂದುವೆಂದು ಷ್ಲೈಟ್ ಮತ್ತು ಸಂಗಡಿಗರು 1960ರಲ್ಲಿ ವರದಿ ಮಾಡಿದರು. ಗೂಡಿನ ಬಳಿ ಚಲಿಸುವ ಯಾವುದೇ ಸಣ್ಣ ಪ್ರಾಣಿಯೂ ಕಾವಿನ ಹಕ್ಕಿಗೆ ಶತ್ರುವೇ. ‘ಇದು ಶತ್ರುವಲ್ಲ, ಮರಿ’ ಎಂದು ಆ ಕೊಕ್ಕನ್ನು ತಡೆಯುವುದು ಮರಿಯ ಚಿಂವ್ ಚಿಂವ್ ದನಿ. ಆ ದನಿ ಕೇಳದಿದ್ದರೆ ತಡೆಯೂ ಇಲ್ಲ.

ದನಿಯ ಈ ಸಂಭಾಷಣೆ ಮೊಟ್ಟೆಯೊಡೆಯುವುದಕ್ಕೆ ಮೊದಲೇ ಆರಂಭವಾಗುತ್ತದೆ. ಕೊನೆಯ ದಿನ ಮರಿ ಚಿಪ್ಪಿನೊಳಗಿನಿಂದಲೇ ಸಣ್ಣಗೆ ಕೂಗುತ್ತದೆ. ತಾಯಿ ತಗ್ಗಿದ ದನಿಯಲ್ಲಿ ಕೊಕ್ ಕೊಕ್ ಎಂದು ಉತ್ತರಿಸುತ್ತದೆ. ಬಳಿಕ ಒದ್ದೆಮರಿಯ ಮೈ ಎದೆಗೆ ತಾಗುತ್ತದೆ. ಮೊಟ್ಟೆಯ ನುಣುಪಿಗೆ ಬದಲಾಗಿ ಮಿಸುಕಾಡುವ ಜೀವದ ಸ್ಪರ್ಶ ದೊರೆಯುತ್ತಲೇ ರಕ್ತದಲ್ಲಿಯ ಪ್ರೊಲ್ಯಾಕ್ಟಿನ್ ಇಳಿಯತೊಡಗುತ್ತದೆ. ಗೂಡಿಗೆ ಅಂಟಿ ಕುಳಿತಿದ್ದ ಕೋಳಿಯು ಮರಿಗಳನ್ನು ಕರೆದುಕೊಂಡು ತಿರುಗುವ ಕೋಳಿಯಾಗಿ ಮಾರ್ಪಡುತ್ತದೆ. ಕಾವಿಗೆ ಕೂರದ ಕೋಳಿಯನ್ನು ಸಹ ಮರಿಗಳೊಡನೆ ಹಲವು ದಿನ ಕೂಡಿಟ್ಟರೆ ಅದರಲ್ಲಿ ತಾಯ್ತನವು ಮೂಡಬಹುದೆಂದು ಪ್ರಯೋಗಗಳಿಂದ ತಿಳಿದಿದೆ. ಮರಿಯನ್ನು ತಾಯಿ ಹಡೆಯುವಂತೆ, ತಾಯಿಯನ್ನು ಮರಿಯೂ ಹಡೆಯುತ್ತದೆ ಎನ್ನಬಹುದು.

ಮರಿಯ ರೂಪವನ್ನು ಕೋಳಿ ಅಷ್ಟಾಗಿ ಪರೀಕ್ಷಿಸುವುದಿಲ್ಲವೆಂಬುದಕ್ಕೆ ಬಾತುಮರಿಗಳೇ ಸಾಕ್ಷಿ. ಬಾತಿನ ಮೊಟ್ಟೆಗಳನ್ನು ಕೋಳಿಯಡಿಯಲ್ಲಿಟ್ಟು 28 ದಿನ ಕಾವು ಕೊಡಿಸುವುದು ಹಲವೆಡೆಗಳಲ್ಲಿ ರೂಢಿಯಲ್ಲಿದೆ. ಮರಿಗಳು ನಾಲೆಯ ನೀರಿಗೆ ಇಳಿದಾಗ ಕೋಳಿತಾಯಿ ದಡದಲ್ಲಿ ಕೂಗುತ್ತ ಅತ್ತಿಂದಿತ್ತ ಓಡಾಡುತ್ತದೆ. ಇವು ತನ್ನ ಜಾತಿಯವಲ್ಲವೆಂದು ಅದು ಬಿಟ್ಟುಹೋಗುವುದಿಲ್ಲ.

ಮರಿಯ ಅವಸರ

ಇಷ್ಟು ತಾಯಿಯ ಕಡೆಯ ಮಾತಾಯಿತು. ತಾಯಿ ಒಪ್ಪಿದರೂ ಮರಿ ಒಪ್ಪಬೇಕಷ್ಟೆ. 1873ರಲ್ಲಿ ಡಗ್ಲಸ್ ಸ್ಪಾಲ್ಡಿಂಗ್ ಎಂಬ ಇಂಗ್ಲೆಂಡಿನ ಸಂಶೋಧಕನು, ಮೊಟ್ಟೆಯಿಂದ ಹೊರಬೀಳುತ್ತಿದ್ದ ಮರಿಗಳ ತಲೆಗೆ ಕುಲಾವಿ ತೊಡಿಸಿ ಕಣ್ಣು ಮುಚ್ಚಿದ ಪ್ರಯೋಗಗಳನ್ನು ಪ್ರಕಟಿಸಿದನು. ಎರಡು ಮೂರು ದಿನದೊಳಗೆ ಕುಲಾವಿ ತೆಗೆದರೆ ಮರಿಯು ಎದುರಿಗೆ ಚಲಿಸುವುದು ಮನುಷ್ಯನಾದರೂ ಸರಿ, ಅವನನ್ನೇ ಹಿಂಬಾಲಿಸಿತು. ನಾಲ್ಕು ದಿನ ಕಳೆದ ಮೇಲೆ ತೆಗೆದಾಗ ಅದೇ ಮನುಷ್ಯನನ್ನು ಕಂಡು ಭಯದಿಂದ ಓಡಿತು. ಎಂಟು ಹತ್ತು ದಿನಗಳವರೆಗೆ ತಾಯಿಯ ಕರೆಯನ್ನೇ ಕೇಳದ ಮರಿಯು ಆಮೇಲೆ ಅದನ್ನು ಕೇಳಿದರೂ ಕೇಳದಂತೆಯೇ ಇರುತ್ತದೆಂದೂ ಅವನು ಗಮನಿಸಿದನು.

ಈ ಗುಣವನ್ನು 1935ರಲ್ಲಿ ಕೊನ್ರಾಡ್ ಲೊರೆಂಟ್ಸ್ ವಿವರವಾಗಿ ವರ್ಣಿಸಿದರು. ಇದನ್ನು ನಾವು ‘ಅಚ್ಚೊತ್ತುವಿಕೆ’ ಎನ್ನಬಹುದು: ಬಿಸಿಯರಗಿನ ಮೇಲೆ ಮುದ್ರೆ ಬಿದ್ದಂತೆ ಮರಿಯ ಮಿದುಳಿನಲ್ಲಿ ತಾಯಿಯ ರೂಪ ಮೂಡುತ್ತದೆ; ಅರಗು ಆರಿದ ಮೇಲೆ ಮುದ್ರೆ ಬೀಳದು. ಆದರೆ ಮರಿಯ ಮಿದುಳು ಆರಂಭದಲ್ಲಿ ತೀರ ಬರಿದಾದ ಹಲಗೆಯೇನೂ ಅಲ್ಲ. ಕೇಂಬ್ರಿಜ್ಜಿನಲ್ಲಿ ಗೇಬ್ರಿಯಲ್ ಹಾರ್ನ್ ಮತ್ತು ಮಾರ್ಕ್ ಜಾನ್ಸನ್ ಅವರು 1980ರ ದಶಕದಲ್ಲಿ ನಡೆಸಿದ ಪ್ರಯೋಗಗಳಲ್ಲಿ, ಹಿಂದೆ ಕೋಳಿಯನ್ನೇ ಕಂಡಿರದ ಮರಿಗಳು ಸಹ ತಲೆ ಕತ್ತುಗಳುಳ್ಳ ಕೋಳಿಯಾಕೃತಿಯ ಕಡೆಗೇ ಒಲವು ತೋರಿಸಿದುವು. ಪೆಟ್ಟಿಗೆಯಲ್ಲಿ ಬಂದ ಮರಿ ಕೂಡ ತಾಯಿಯನ್ನು ಹುಡುಕುತ್ತಲೇ ಬಂದಿರುತ್ತದೆ.

ಇನ್ನೊಂದು ಅನುಕೂಲವನ್ನು ಪ್ರಕೃತಿಯೇ ಒದಗಿಸಿದೆ. ಮೊಟ್ಟೆಯೊಡೆಯುವ ಮುನ್ನ ಮರಿಯು ಉಳಿದ ಹಳದಿ ಭಾಗವನ್ನು ಹೊಟ್ಟೆಯೊಳಕ್ಕೆ ಎಳೆದುಕೊಳ್ಳುತ್ತದೆ. ಈ ಬುತ್ತಿಯ ಬಲದಿಂದ ಅದು ಎರಡು ಮೂರು ದಿನ ಆಹಾರವಿಲ್ಲದೆ ಬದುಕಬಲ್ಲದು. ಮರಿಗಳನ್ನು ದೂರದ ಊರುಗಳಿಗೆ ಪೆಟ್ಟಿಗೆಗಳಲ್ಲಿ ಕಳುಹಿಸಲು ಸಾಧ್ಯವಾಗಿರುವುದು ಇದರಿಂದಲೇ. ಆದರೆ ಬುತ್ತಿ ಮುಗಿಯುವ ಹೊತ್ತಿಗೆ ಅರಗೂ ಆರುತ್ತ ಬಂದಿರುತ್ತದೆ. ಆದುದರಿಂದ ಮರಿಗಳು ಮನೆಗೆ ಬಂದ ರಾತ್ರಿಯೇ ಅವನ್ನು ತಾಯಿಯಡಿಗೆ ಸೇರಿಸುವುದು ಲೇಸು.

ರಾತ್ರಿಯ ಕೆಲಸ

ಇಲ್ಲಿಯವರೆಗಿನ ವಿವೇಚನೆಯಿಂದ ಮಾಡತಕ್ಕ ಕ್ರಮವು ತಾನಾಗಿಯೇ ಹೊರಡುತ್ತದೆ. ಮೊದಲನೆಯದಾಗಿ, ಕೋಳಿಯು ನಿಜವಾಗಿ ಕಾವಿಗೆ ಕೂತಿರಬೇಕು. ನಿನ್ನೆ ಮೊನ್ನೆ ಕೂತದ್ದಾಗಿರಬಾರದು. ಎರಡು ಮೂರು ವಾರ ಕೂತ ಕೋಳಿ ಉತ್ತಮ. ಅಷ್ಟು ದಿನ ಅದರ ಕೆಳಗೆ ಗೊಡ್ಡುಮೊಟ್ಟೆಗಳನ್ನೋ ಮೊಟ್ಟೆಯಾಕಾರದ ಮಣ್ಣಿನ ಉಂಡೆಗಳನ್ನೋ ಇಟ್ಟಿರಬಹುದು. ಗೂಡು ಬೇರೆ ಕೋಳಿಗಳ ಓಡಾಟವಿಲ್ಲದ, ಮಬ್ಬುಗತ್ತಲೆಯ ಜಾಗದಲ್ಲಿರಬೇಕು. ಕೋಳಿಯ ಮೈಯಲ್ಲಿ ಹೇನು ಇದೆಯೇ ಎಂದು ಮೊದಲೇ ನೋಡಿ ನಿವಾರಿಸಬೇಕು. ಇಲ್ಲವಾದರೆ ಆ ಹೇನು ಒಂದೇ ರಾತ್ರಿಯಲ್ಲಿ ಮರಿಗಳಿಗೆ ಹತ್ತುತ್ತದೆ.

ಎರಡನೆಯದಾಗಿ, ಊರು ಮಲಗಿದ ಮೇಲೆ ಕೆಲಸ ಆರಂಭಿಸಬೇಕು. ಕತ್ತಲೆಯಲ್ಲಿ ಕೋಳಿ ಮಂಕಾಗಿ ಕುಳಿತಿರುತ್ತದೆ. ಕಣ್ಣಿನ ಸಂಶಯ ಆಗ ಅಡಗಿರುತ್ತದೆ. ಕಿವಿ ಮತ್ತು ಸ್ಪರ್ಶಗಳು ಎಚ್ಚರವಾಗಿರುತ್ತವೆ. ಮಂದವಾದ ಬೆಳಕಿನಲ್ಲಿ, ಅಂಗೈಯಲ್ಲಿ ಮರಿಯನ್ನು ಮುಚ್ಚಿಕೊಂಡು, ಕೋಳಿಯ ಹಿಂಬದಿಯಿಂದ ಹೊಟ್ಟೆಯಡಿಗೆ ಸರಿಸಬೇಕು. ಅದೇ ಕೈಯಿಂದ ಒಂದು ಮೊಟ್ಟೆಯನ್ನು ಹೊರಗೆ ತೆಗೆಯಬೇಕು. ಮೊದಲು ಒಂದೋ ಎರಡೋ ಮರಿಗಳು ಸಾಕು. ಅವು ಒಳಗಿನಿಂದ ಸಣ್ಣಗೆ ದನಿ ತೆಗೆದಾಗ ಕೋಳಿ ಕೊಕ್ ಕೊಕ್ ಎಂದು ಮೆಲ್ಲಗೆ ಓಗೊಟ್ಟರೆ, ಅರ್ಧ ಗೆದ್ದಂತೆ. ಸ್ವಲ್ಪ ಹೊತ್ತು ಬಿಟ್ಟು ಮಿಕ್ಕವನ್ನೂ ಸೇರಿಸಬಹುದು. ನಾಟಿ ಕೋಳಿಯ ಗಾತ್ರಕ್ಕೆ ಹತ್ತು ಹನ್ನೆರಡಕ್ಕಿಂತ ಹೆಚ್ಚು ಮರಿಗಳು ರೆಕ್ಕೆಯಡಿ ಹಿಡಿಸಲಾರವು.

ಮೂರನೆಯದಾಗಿ, ಬೆಳಕು ಹರಿಯುವುದಕ್ಕೆ ಮುಂಚೆಯೇ ಒಬ್ಬರು ಅಲ್ಲಿ ಕಾದಿರಬೇಕು. ಕೋಳಿ ಮರಿಗಳನ್ನು ಮೊದಲ ಬಾರಿ ಕಣ್ಣಿನಿಂದ ನೋಡುವ ಆ ಗಳಿಗೆಯೇ ಪರೀಕ್ಷೆ. ಮೆಲ್ಲನೆ ಕೊಕ್ಕಿನಿಂದ ಮುಟ್ಟಿ ನೋಡುವುದು ಬೇರೆ, ಕುತ್ತಿಗೆಯ ಗರಿ ನಿಮಿರಿಸಿ ಕುಕ್ಕುವುದು ಬೇರೆ. ಎರಡನೆಯದು ಕಂಡರೆ ಕೂಡಲೇ ಮರಿಗಳನ್ನು ತೆಗೆದುಬಿಡಬೇಕು. ಎಲ್ಲ ಕೋಳಿಗಳೂ ಒಪ್ಪುವುದಿಲ್ಲ. ಅಂತಹ ಸಂದರ್ಭಕ್ಕೆಂದು ದೀಪದ ಪೆಟ್ಟಿಗೆಯೊಂದನ್ನು ಅಣಿಯಾಗಿಟ್ಟುಕೊಂಡಿರುವುದು ಜಾಣತನ. ಒಪ್ಪಿದ ಕೋಳಿಯನ್ನೂ ಮರಿಗಳನ್ನೂ ಎರಡು ದಿನ ಮಂಕರಿಯಡಿಯಲ್ಲಿಯೇ ಒಟ್ಟಿಗೆ ಇರಿಸಿ, ನುಚ್ಚನ್ನೂ, ಮರಿ ಮುಳುಗದಷ್ಟು ತೆಳುವಾದ ತಟ್ಟೆಯಲ್ಲಿ ನೀರನ್ನೂ ಕೊಡಬೇಕು. ತಾಯಿ ಕಾಳನ್ನು ಎತ್ತಿ, ಕೆಡವಿ, ಕರೆದು ತೋರಿಸುವುದನ್ನು ಕಂಡರೆ ಇನ್ನು ಭಯವಿಲ್ಲ.

ಕೋಳಿಗೆ ಸ್ವಂತ ಮರಿಗಳು ಹುಟ್ಟಿ ಕೆಲವು ದಿನಗಳಾಗಿದ್ದರೆ ಅದಕ್ಕೆ ಹೊಸಬರನ್ನು ಸೇರಿಸುವುದು ಕಷ್ಟ. ಅಷ್ಟರಲ್ಲಿ ಅದು ತನ್ನವನ್ನು ಗುರುತಿಸಲು ಕಲಿತಿರುತ್ತದೆ. ಬಣ್ಣ ಬೇರೆಯಾದ ಮರಿಯನ್ನು ಆರಿಸಿ ಹೊಡೆಯುವುದುಂಟು. ಮೊಟ್ಟೆಯೊಡೆದ ದಿನವೇ ಸೇರಿಸಿದರೆ ಮಾತ್ರ ಎಲ್ಲವೂ ಒಂದೇ ಸಂಸಾರವಾಗುತ್ತದೆ.

ಹೊರಗಿನಿಂದ ಬಂದ ಹಕ್ಕಿಯನ್ನು ಕೆಲವು ದಿನ ಬೇರೆ ಇಟ್ಟು ಆಮೇಲೆ ಮನೆಯ ಹಿಂಡಿಗೆ ಸೇರಿಸಬೇಕೆಂಬುದು ರೋಗತಡೆಯ ನಿಯಮ. ಇಲ್ಲಿ ಆ ನಿಯಮವನ್ನು ಪಾಲಿಸುವಷ್ಟು ಕಾಲವಿಲ್ಲ. ಆದುದರಿಂದ ಮರಿಗಳನ್ನು ನಂಬತಕ್ಕ ಕೇಂದ್ರದಿಂದಲೇ ತರಬೇಕು. ತಾಯಿಮರಿಗಳ ಗೂಡನ್ನು ಉಳಿದ ಕೋಳಿಗಳಿಂದ ದೂರವಿರಿಸಬೇಕು. ಹಳ್ಳಿಗರು ಕೊಕ್ಕರೆ ರೋಗವೆನ್ನುವ ರಾಣಿಖೇತ್ ರೋಗವು ಹಿಂಡಿಗೆ ಹಿಂಡನ್ನೇ ಬರಿದು ಮಾಡಬಲ್ಲದು. ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಹಾಕುವ ಒಂದು ಹನಿ ಲಸಿಕೆಯಿಂದ ಆ ಭಯವನ್ನು ಬಹಳ ಮಟ್ಟಿಗೆ ತಪ್ಪಿಸಬಹುದು. ಊರಿನ ಪಶು ಆಸ್ಪತ್ರೆಯಲ್ಲಿ ಇದನ್ನು ವಿಚಾರಿಸಬೇಕು. ನಂಜನಗೂಡು ತಾಲ್ಲೂಕಿನ ಸುತ್ತೂರಿನಲ್ಲಿ ಕೃಷಿ ವಿಜ್ಞಾನ ಕೇಂದ್ರವೂ ಇದೆ. ಅಲ್ಲಿಯೂ ಸಲಹೆ ಕೇಳಬಹುದು.

ಉಳಿಸಿಕೊಳ್ಳಬೇಕಾದ ಗುಣ

ಕಾವಿಗೆ ಕೂತ ದಿನಗಳಲ್ಲಿ ಕೋಳಿ ಮೊಟ್ಟೆಯಿಡುವುದಿಲ್ಲ. ಮೊಟ್ಟೆಯ ವ್ಯಾಪಾರಿಗೆ ಅವು ನಷ್ಟದ ದಿನಗಳು. ಆದುದರಿಂದ ತಳಿಗಾರರು ಕಾವಿಗೆ ಕೂರುವ ಕೋಳಿಗಳನ್ನು ತಲೆಮಾರಿನಿಂದ ತಲೆಮಾರಿಗೆ ಬಿಟ್ಟುಬಿಡುತ್ತ, ಕೂರದವನ್ನೇ ಆರಿಸುತ್ತ ಬಂದರು. ಇಂದಿನ ಬಿಳಿ ಲೆಗ್‌ಹಾರ್ನ್ ಕೋಳಿ ವರ್ಷಕ್ಕೆ 300 ಮೊಟ್ಟೆಗಳನ್ನಿಡುತ್ತದೆ. ಆದರೆ ಒಂದು ಮರಿಯನ್ನೂ ತಾನಾಗಿ ಸಾಕಲಾರದು. ತಾಯ್ತನವು ವಂಶಪಾರಂಪರ್ಯವಾಗಿ ಬರುವ ಗುಣವಾದ್ದರಿಂದಲೇ ಅದನ್ನು ಹೀಗೆ ಅಳಿಸುವುದು ಸಾಧ್ಯವಾಯಿತು.

ಯಂತ್ರವಿರುವಲ್ಲಿ ಇದರಿಂದ ಬಾಧಕವಿಲ್ಲ. ಆದರೆ ಹಿತ್ತಲಿನಲ್ಲಿ ಹತ್ತು ಕೋಳಿ ಸಾಕುವ ಮನೆಯ ಲೆಕ್ಕಾಚಾರ ಬೇರೆ. ಹೆಚ್ಚು ಮೊಟ್ಟೆಯ ಆಸೆಯಿಂದ ನಾಟಿ ಕೋಳಿಗಳನ್ನೆಲ್ಲ ಮಾರಿ ಹೊಸ ತಳಿಯನ್ನೇ ತುಂಬಿಕೊಂಡ ಮನೆ, ಮುಂದಿನ ವರ್ಷದ ಪ್ರತಿಯೊಂದು ಮರಿಗೂ ಪೇಟೆಯ ಕಡೆ ನೋಡಬೇಕಾಗುತ್ತದೆ. ಎರಡೋ ಮೂರೋ ನಾಟಿ ಹೇಂಟೆಗಳನ್ನು ಉಳಿಸಿಕೊಂಡ ಮನೆಯಾದರೋ, ಹೊಸ ತಳಿಯ ಮೊಟ್ಟೆಯನ್ನೂ ಉಣ್ಣಬಹುದು, ಅದರ ಮರಿಗಳನ್ನೂ ಬೆಳೆಸಿಕೊಳ್ಳಬಹುದು. ನಂಜನಗೂಡು ತಾಲ್ಲೂಕಿನ ಅಂಚಿನ ಹೆಡಿಯಾಲದ ಕಾಡುಗಳಲ್ಲಿ ಇಂದಿಗೂ ಕಾಡುಕೋಳಿಯು ಪೊದೆಯಡಿಯಲ್ಲಿ ಕಾವಿಗೆ ಕೂರುತ್ತದೆ. ಕಾಡಿನಲ್ಲಿ ಈ ಗುಣವನ್ನು ಪ್ರಕೃತಿ ಕಾಯುತ್ತದೆ. ಊರಿನಲ್ಲಿ ಅದನ್ನು ಕಾಯಬೇಕಾದವರು ಸಾಕುವವರು.

ನಮ್ಮ ವಿದ್ಯಾರ್ಥಿ ಮಿತ್ರರ ಮನೆಯಲ್ಲಿ ಕಾವಿನ ಕೋಳಿಯಿದ್ದರೆ ಒಂದು ಟಿಪ್ಪಣಿ ಪುಸ್ತಕವನ್ನು ಇಟ್ಟುಕೊಂಡು ಗಮನಿಸಲಿ. ಅದು ದಿನಕ್ಕೆ ಎಷ್ಟು ಸಲ ಏಳುತ್ತದೆ, ಎಷ್ಟು ನಿಮಿಷ ಹೊರಗಿರುತ್ತದೆ, ಮರಿಯ ಯಾವ ದನಿಗೆ ಯಾವ ದನಿಯಲ್ಲಿ ಉತ್ತರ ಕೊಡುತ್ತದೆ ಎಂಬುದನ್ನು ಬರೆದಿಡಲಿ. ಇದಕ್ಕೆ ಯಾವ ಉಪಕರಣವೂ ಬೇಕಿಲ್ಲ, ಗಡಿಯಾರವೊಂದಿದ್ದರೆ ಸಾಕು. ಮನೆಯ ಅಜ್ಜಿಯನ್ನೂ ಕೇಳಲಿ. ಮರಿಯನ್ನು ರಾತ್ರಿಯೇ ಸೇರಿಸಬೇಕೆಂದು ಆಕೆಗೆ ಬಹಳ ಹಿಂದೆಯೇ ಗೊತ್ತಿದ್ದೀತು. ಏಕೆಂಬುದನ್ನು ಈಗ ಮೊಮ್ಮಕ್ಕಳು ಆಕೆಗೆ ಹೇಳಬಹುದು.